ಗೆಳೆಯನ ಹೆಸರಲ್ಲಿ 51 ಪಾಲು, ಕೆಲಸವೆಲ್ಲ ನಂದು: ಇದು ನಡೆಯುತ್ತಾ?

ಹರ್ನ್‌ಡನ್_ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಾನು ವರ್ಜೀನಿಯಾದ ಹರ್ನ್‌ಡನ್‌ನಲ್ಲಿದ್ದೇನೆ. ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್, ಅದರಲ್ಲಿ ಐದು ವರ್ಷ ಕ್ಲೌಡ್. ಹೋದ ವರ್ಷ ಗ್ರೀನ್ ಕಾರ್ಡ್ ಕೈಗೆ ಬಂತು. ನಮ್ಮ ಟೀಮಿನಲ್ಲಿ ಒಬ್ಬರಿದ್ದಾರೆ, ಇಲ್ಲಿಯವರೇ. ನೌಕಾಪಡೆಯಲ್ಲಿ 22 ವರ್ಷ ಇದ್ದು ಬಂದವರು. ಎಲ್ಲರೂ ಚೀಫ್ ಅಂತಲೇ ಕರೆಯುತ್ತೇವೆ. ಸೊಂಟ, ಮೊಣಕಾಲು, ಒಂದು ಕಿವಿ, ಮೂರೂ ಹಡಗಿನಲ್ಲೇ ಹಾಳಾದವು. ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, 60 ಪರ್ಸೆಂಟ್ ಅಂಗವಿಕಲತೆ ಅಂತ ರೇಟಿಂಗ್ ಕೊಟ್ಟಿದೆ.

ಸೇವೆಯಲ್ಲಿ ಅಂಗವಿಕಲರಾದ ಮಾಜಿ ಸೈನಿಕರ ಸಣ್ಣ ಕಂಪನಿಗಳಿಗೆ ಇಲ್ಲಿ ಫೆಡರಲ್ ಕಾಂಟ್ರಾಕ್ಟ್‌ಗಳಲ್ಲಿ ಪ್ರತ್ಯೇಕ ಪಾಲಿದೆ, ಎಸ್‌ಡಿವಿಒಎಸ್‌ಬಿ ಅಂತಾರೆ. ಚೀಫ್ ಹತ್ರ ಆ ರೇಟಿಂಗ್ ಕಾಗದ ಇದೆ, ನನ್ನ ಹತ್ರ ಕೆಲಸ ಗೊತ್ತಿದೆ. ಹಾಗಾಗಿ ನನ್ನ ಲೆಕ್ಕ ಹೀಗಿದೆ. ಕಂಪನಿ ಶುರು ಮಾಡೋದು. ಅವರ ಹೆಸರಲ್ಲಿ 51, ನನ್ನ ಹೆಸರಲ್ಲಿ 49. ದುಡ್ಡು ನಂದು, ಆಫೀಸು ನಮ್ಮನೆ ಬೇಸ್‌ಮೆಂಟು. ಅವರು ಈಗಿನ ಕೆಲಸ ಬಿಡೋದೇನೂ ಬೇಡ, ಬೇಕಾದಾಗ ಸಹಿ ಹಾಕಿದರೆ ಸಾಕು. ಲಾಭದಲ್ಲಿ ಹತ್ತು ಪರ್ಸೆಂಟ್ ಅವರಿಗೆ. ಸರ್ಟಿಫಿಕೇಟ್ ಮಾಡಿಸಿಕೊಡಲು ಒಬ್ಬ ಏಜೆಂಟ್ 6,000 ಡಾಲರ್ ಕೇಳಿದ್ದಾನೆ.

ಚೀಫ್‌ಗೆ ಇನ್ನೂ ಪೂರ್ತಿ ಹೇಳಿಲ್ಲ. ಅದಕ್ಕೆ ಮೊದಲು ಇಲ್ಲಿ ಕೇಳೋಣ ಅಂತ. ಇದು ನಡೆಯುತ್ತಾ?

ರೊಟ್ಟಿ_ಚಟ್ನಿಪುಡಿ

ಯಾಕೆ ನಡೆಯಲ್ಲ ಗುರು? ಸೂಪರ್ ಐಡಿಯಾ. ನಮ್ಮ ಪರಿಚಯದವರು ಇದನ್ನೇ ಮಾಡಿದ್ದು. ಸರ್ಟಿಫಿಕೇಟೂ ಬೇಡ. ಸ್ಯಾಮ್ ವೆಬ್‌ಸೈಟಿನಲ್ಲಿ ಸರ್ಕಾರಿ ಕಾಂಟ್ರಾಕ್ಟಿಗೆ ಅಂತ ಕಂಪನಿ ರಿಜಿಸ್ಟರ್ ಮಾಡುವಾಗ ಒಂದು ಡಬ್ಬಿಗೆ ಟಿಕ್ ಹಾಕಿದರೆ ಮುಗೀತು. ಏಜೆಂಟನಿಗೆ ಯಾಕೆ ಸುಮ್ನೆ ಆರು ಸಾವಿರ ಸುರೀತೀರಾ?

ಟೆಂಡರ್_ಅಕ್ಕ

ರೊಟ್ಟಿಯವರೇ, ಆ ಟಿಕ್ ಹಾಕೋ ಕಾಲ ಮುಗೀತು. ಮೊದಲು ವಿಎ ಬಿಟ್ಟು ಬೇರೆ ಇಲಾಖೆಗಳಲ್ಲಿ ನಾವೇ ಹೇಳಿಕೊಂಡರೆ ಸಾಕಿತ್ತು. 2023ರ ಜನವರಿಯಿಂದ ಸರ್ಟಿಫಿಕೇಟ್ ಕೊಡುವ ಕೆಲಸ ವಿಎಯಿಂದ ಸಣ್ಣ ಉದ್ದಿಮೆಗಳ ಇಲಾಖೆಗೆ, ಅಂದರೆ ಎಸ್‌ಬಿಎಗೆ ಬಂತು. 2024ರ ಡಿಸೆಂಬರ್‌ಗೆ ಸ್ವಂತ ಘೋಷಣೆಯ ಬಾಗಿಲೂ ಮುಚ್ಚಿತು. ಈಗ ಕಾಗದ ಬೇಕೇ ಬೇಕು. ಆ ಕಾಗದಕ್ಕೆ ಫೀಸು ಸೊನ್ನೆ. ಸ್ಯಾಮ್ ರಿಜಿಸ್ಟ್ರೇಶನ್ನಿಗೂ ಸೊನ್ನೆ. ಅರ್ಜಿ ತುಂಬಲು ಸಹಾಯ ಬೇಕು ಅಂದರೆ ಏಪೆಕ್ಸ್ ಆಕ್ಸಿಲರೇಟರ್ ಅಂತ ಕೇಂದ್ರಗಳಿವೆ, ಅವೂ ಬಿಟ್ಟಿ.

ಹಾಸನದವರೇ, ನಿಮಗೆ. ನಾನು ಮೇರಿಲ್ಯಾಂಡ್‌ನಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಪ್ರಪೋಸಲ್ ಬರೆಯೋದು, ಕಾಂಟ್ರಾಕ್ಟ್ ಓದೋದು. ನೀವು ಹೇಳಿದ್ದಕ್ಕೆ ಇಲ್ಲಿ ಒಂದು ಹೆಸರಿದೆ: ರೆಂಟ್-ಎ-ವೆಟ್. ಮಾಜಿ ಸೈನಿಕನನ್ನು ಬಾಡಿಗೆಗೆ ತರೋದು. ಅದು ಅಪರಾಧ. ದಂಡ ಕಟ್ಟಿ ಬಂದವರಿದ್ದಾರೆ, ಜೈಲಿಗೆ ಹೋದವರೂ ಇದ್ದಾರೆ.

ನಿಮ್ಮ ಲೆಕ್ಕದಲ್ಲಿ 51 ಒಂದೇ ಸರಿ ಇರೋದು. ಕಾನೂನು ಕೇಳೋದು ಎರಡು. ಮಾಲೀಕತ್ವ ಒಂದು, ಹಿಡಿತ ಇನ್ನೊಂದು. ಕಂಪನಿಯ ಅತಿ ದೊಡ್ಡ ಹುದ್ದೆ ಅವರದ್ದಾಗಿರಬೇಕು. ದಿನದಿನದ ತೀರ್ಮಾನ ಅವರದ್ದಾಗಿರಬೇಕು. ಕಂಪನಿಯ ಕೆಲಸದ ಹೊತ್ತಿನಲ್ಲಿ ಅವರು ಬೇರೆಲ್ಲೋ ನೌಕರಿ ಮಾಡುತ್ತಿದ್ದರೆ ಅವರ ಹಿಡಿತ ಇಲ್ಲ ಅಂತಲೇ ಎಸ್‌ಬಿಎ ಅಂದುಕೊಳ್ಳುತ್ತದೆ, ಇದೆ ಅಂತ ತೋರಿಸೋದು ನಿಮ್ಮ ತಲೆನೋವು. ನಿಮ್ಮ ಸಂಬಳ ಅವರದ್ದಕ್ಕಿಂತ ಜಾಸ್ತಿ ಇದ್ದರೆ ಪ್ರಶ್ನೆ. ದುಡ್ಡು ನಿಮ್ಮದು, ಜಾಗ ನಿಮ್ಮದು, ಕೆಲಸ ನಿಮ್ಮದು ಅಂದರೆ ದೊಡ್ಡ ಪ್ರಶ್ನೆ. ಹತ್ತು ಪರ್ಸೆಂಟ್ ಲಾಭ ಅಂದಿರಲ್ಲ, 51 ಪಾಲಿನವರಿಗೆ ಹತ್ತು ಹೇಗೆ ಸ್ವಾಮಿ?

ಇನ್ನೊಂದು ಮಾತು. ನಾವು ಕೆಲಸ ಚೆನ್ನಾಗಿ ಮಾಡಿಕೊಟ್ಟಿದ್ದೀವಲ್ಲ, ಸರ್ಕಾರಕ್ಕೆ ಏನು ನಷ್ಟ ಅಂತ ಸಿಕ್ಕಿಬಿದ್ದವರೆಲ್ಲ ಕೇಳುತ್ತಾರೆ. 2010ರ ಕಾನೂನಿನ ಪ್ರಕಾರ ಸುಳ್ಳು ಹೇಳಿ ಕಾಂಟ್ರಾಕ್ಟ್ ತಗೊಂಡರೆ ಅದರ ಪೂರ್ತಿ ಮೊತ್ತವೇ ನಷ್ಟ ಅಂತ ಲೆಕ್ಕ. ಹತ್ತು ಲಕ್ಷ ಡಾಲರಿನ ಕೆಲಸಕ್ಕೆ ಹತ್ತು ಲಕ್ಷವೂ.

ಹರ್ನ್‌ಡನ್_ಹಾಸನ

ಅಕ್ಕಾ, ಎದೆ ಝಲ್ ಅಂತು. ಮೋಸ ಮಾಡೋ ಉದ್ದೇಶ ನನಗಿಲ್ಲ, ದೇವರಾಣೆ. ಆದರೆ ಒಂದು ಅನುಮಾನ. ಚೀಫ್‌ಗೆ ಕೋಡಿಂಗ್ ಬರೋದಿಲ್ಲ. ನಮ್ಮ ಟೀಮಿನಲ್ಲಿ ಅವರು ನೋಡಿಕೊಳ್ಳೋದು ವೇಳಾಪಟ್ಟಿ, ಜನ, ವೆಂಡರ್‌ಗಳನ್ನ. ಟೆಕ್ನಾಲಜಿ ಕಂಪನಿಯ ಹಿಡಿತ ಅವರ ಕೈಯಲ್ಲಿ ಹೇಗಿರುತ್ತೆ?

ಟೆಂಡರ್_ಅಕ್ಕ

ಕೋಡಿಂಗ್ ಬರಲೇಬೇಕು ಅಂತ ಕಾನೂನು ಕೇಳೋದೇ ಇಲ್ಲ. ಟೆಕ್ನಿಕಲ್ ಪರಿಣತಿ ಇಲ್ಲದಿದ್ದರೂ ಆಗುತ್ತೆ, ಪರಿಣತರನ್ನು ಇಟ್ಟುಕೊಂಡು ಅವರ ಮೇಲೆ ಹಿಡಿತ ಇಟ್ಟಿದ್ದರೆ ಸಾಕು. ಹೋಟೆಲ್ ಮಾಲೀಕನಿಗೆ ದೋಸೆ ಹುಯ್ಯಲು ಬರಬೇಕಾ? ಭಟ್ಟರಿಗೆ ಸಂಬಳ ಎಷ್ಟು, ಹಿಟ್ಟು ಎಲ್ಲಿಂದ, ಬಾಗಿಲು ಎಷ್ಟು ಹೊತ್ತಿಗೆ ಅಂತ ತೀರ್ಮಾನ ಮಾಡಲು ಬಂದರೆ ಸಾಕಲ್ವಾ.

ಹಡಗಿನಲ್ಲಿ 22 ವರ್ಷ ಜನರನ್ನು ನಡೆಸಿದವರಿಗೆ ನೀವು ಸಹಿ ಹಾಕಿದರೆ ಸಾಕು ಅಂತೀರಲ್ಲ, ನನಗೆ ಬೇಜಾರಾಗಿದ್ದು ಅದು.

ಬಸವನಗುಡಿ_ಬಾಯ್

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಇದು ಮೀಸಲಾತಿ ಅಲ್ಲದೆ ಮತ್ತೇನು? ನಮ್ಮಲ್ಲಿ ಮೀಸಲಾತಿ ಅಂದರೆ ಕೂಗಾಡೋ ಜನವೇ ಅಲ್ಲಿ ಹೋಗಿ ಅದಕ್ಕೆ ಅರ್ಜಿ ಹಾಕ್ತಾರೆ. ಮತ್ತೆ ಈ ಕಿವಿ ನೋವು, ಮೊಣಕಾಲು ನೋವು ಅಂಗವಿಕಲತೆಯಾ? ನನಗೂ ಇದೆ, 27 ಇಂಚಿನ ಮಾನಿಟರ್ ನೋಡಿ ನೋಡಿ.

ಜೀರುಂಡೆ_ಡೇಟನ್

ಬಸವನಗುಡಿಯವರೇ, ನನ್ನ ಈ ಹೆಸರು ಯಾಕೆ ಅಂತ ಹೇಳ್ತೀನಿ. ಆಮೇಲೆ ಹಾಸನದವರ ಪ್ರಶ್ನೆಗೆ ಬರ್ತೀನಿ.

ನಾನು ತೀರ್ಥಹಳ್ಳಿ ಕಡೆಯವನು. ಎಂಎಸ್ ಮಾಡಲು ಇಲ್ಲಿಗೆ ಬಂದೆ. ಆಗ ಮ್ಯಾವ್ನಿ ಅಂತ ಒಂದು ಯೋಜನೆ ಇತ್ತು. 2009ರಲ್ಲಿ ಶುರುವಾಗಿ 2016ರಲ್ಲಿ ನಿಂತುಹೋಯಿತು. ಗ್ರೀನ್ ಕಾರ್ಡ್ ಇಲ್ಲದಿದ್ದರೂ, ಅವರಿಗೆ ಬೇಕಾದ ಭಾಷೆ ಬಂದರೆ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿದ್ದರು, ಪೌರತ್ವವೂ ಬೇಗ ಸಿಗುತ್ತಿತ್ತು. ಪಟ್ಟಿಯಲ್ಲಿ ಹಿಂದಿ ಇತ್ತು. ನನ್ನ ಹಿಂದಿ ದೂರದರ್ಶನದ ಕೊಡುಗೆ. ಪಾಸಾದೆ.

ಸಿಗ್ನಲ್ಸ್‌ನಲ್ಲಿ ಹಾಕಿದರು. ರೇಡಿಯೊ ಇರುವ ಟೆಂಟು, ಅದಕ್ಕೆ ಅಂಟಿಕೊಂಡಂತೆ ಜನರೇಟರ್. ಹನ್ನೊಂದು ತಿಂಗಳು ಅದರ ಪಕ್ಕದಲ್ಲೇ ಊಟ, ನಿದ್ದೆ. ವಾಪಸ್ ಬಂದ ಮೇಲೆ ಒಂದು ರಾತ್ರಿ ಹೆಂಡತಿಗೆ ಕೇಳಿದೆ, ಹೊರಗೆ ಜೀರುಂಡೆ ಎಷ್ಟು ಜೋರಾಗಿ ಕೂಗ್ತಿದೆ ಅಲ್ವಾ ಅಂತ. ಅವಳು ಕಿಟಕಿ ಕಡೆ ನೋಡಿದಳು. ಜನವರಿ ತಿಂಗಳು, ಒಂದಡಿ ಹಿಮ. ಓಹಾಯೊದಲ್ಲಿ ಯಾವ ಜೀರುಂಡೆ?

ಅವತ್ತಿನಿಂದ ಇವತ್ತಿನವರೆಗೆ ಅದು ನಿಂತಿಲ್ಲ. ಮಲೆನಾಡಿನ ಮಳೆಗಾಲದ ಸಂಜೆ ಹನ್ನೆರಡು ತಿಂಗಳೂ ನನ್ನ ಎಡಗಿವಿಯಲ್ಲಿ. ಮೀಟಿಂಗ್‌ನಲ್ಲಿ ಸ್ಪೀಕರ್‌ಫೋನ್ ನನ್ನ ಬಲಕ್ಕೆ ಬರುವ ಹಾಗೆ ಕೂರುತ್ತೇನೆ. ಹೆಂಗಸರ ಮೆಲುದನಿ ಸಿಕ್ಕೋದೇ ಇಲ್ಲ. ಟಿನಿಟಸ್ ಅಂತ ಹೆಸರು. ಇಲ್ಲಿನ ಮಾಜಿ ಸೈನಿಕರಲ್ಲಿ ಅತಿ ಹೆಚ್ಚು ಜನರಿಗೆ ರೇಟಿಂಗ್ ಸಿಕ್ಕಿರೋದು ಇದಕ್ಕೇ. ಪಟ್ಟಿಯಲ್ಲಿ ಇದಕ್ಕಿರೋದು ಒಂದೇ ಅಂಕಿ, 10. ಒಂದು ಕಿವಿಗೂ ಅಷ್ಟೇ, ಎರಡಕ್ಕೂ ಅಷ್ಟೇ.

ಆ ಅಂಕಿಗಳನ್ನು ಕೂಡಿಸುವ ರೀತಿಯೂ ಮಜವಾಗಿದೆ. ಸೊಂಟಕ್ಕೆ 40, ಮೊಣಕಾಲಿಗೆ 30, ಕಿವಿಗೆ 10 ಇದ್ದರೆ 80 ಅಲ್ಲ. ಮೊದಲ 40 ತೆಗೆದರೆ ಮನುಷ್ಯ 60 ಉಳಿದ. ಆ 60ರಲ್ಲಿ 30 ಪರ್ಸೆಂಟ್ ಅಂದರೆ 18, ಒಟ್ಟು 58. ಉಳಿದ 42ರಲ್ಲಿ ಹತ್ತು ಪರ್ಸೆಂಟ್ ಅಂದರೆ 4. ಒಟ್ಟು 62, ಹತ್ತರ ಲೆಕ್ಕಕ್ಕೆ ಇಳಿಸಿದರೆ 60. ಕಿವಿ ಕೊಟ್ಟಿದ್ದು ಲೆಕ್ಕಕ್ಕೇ ಬರಲಿಲ್ಲ. ಚೀಫ್ ಅವರ 60 ಹೀಗೇ ಬಂದಿರಬೇಕು ಅನ್ನಿಸುತ್ತೆ.

ನಂದೂ ಇಂಥದ್ದೇ ಒಂದು ಸಣ್ಣ ಕಂಪನಿ ಇದೆ. ಈ ಕಂಪನಿ ವಿಷಯಕ್ಕೆ ರೇಟಿಂಗ್ ಎಷ್ಟಿದೆ ಅನ್ನೋದು ಮುಖ್ಯವೇ ಅಲ್ಲ. ಸೊನ್ನೆ ಪರ್ಸೆಂಟ್ ಅಂತ ಪತ್ರ ಬಂದಿದ್ದರೂ ಅರ್ಹತೆ ಇದೆ. ತೊಂದರೆ ಸೇವೆಯಿಂದ ಆದದ್ದು ಅಂತ ಒಪ್ಪಿರಬೇಕು, ಅಷ್ಟೇ.

ಬಸವನಗುಡಿ_ಬಾಯ್

ಕಿವಿ ವಿಷಯಕ್ಕೆ ತಪ್ಪಾಯ್ತು ಅಣ್ಣ. ಮಾನಿಟರ್ ಜೋಕ್ ವಾಪಸ್ ತಗೊಂಡೆ. ಆದರೆ ಮೀಸಲಾತಿ ಪ್ರಶ್ನೆ ವಾಪಸ್ ತಗೊಳ್ಳಲ್ಲ.

ಟೆಂಡರ್_ಅಕ್ಕ

ತಗೋಬೇಡಿ, ಒಳ್ಳೆ ಪ್ರಶ್ನೆ. ಫೆಡರಲ್ ಕಾಂಟ್ರಾಕ್ಟ್ ದುಡ್ಡಿನಲ್ಲಿ ಇಂಥ ಕಂಪನಿಗಳಿಗೆ 3 ಪರ್ಸೆಂಟ್ ಅಂತ 1999ರ ಕಾನೂನಿನಲ್ಲಿ ಇಟ್ಟರು. ಅದು ಗುರಿ, ಕೋಟಾ ಅಲ್ಲ. ಮುಟ್ಟದಿದ್ದರೆ ಯಾರ ತಲೆಯೂ ಹೋಗೋದಿಲ್ಲ. ಹೋಗಲೂ ಇಲ್ಲ. ಇಂಥ ಕಂಪನಿಗಳಿಗೇ ಅಂತ ಟೆಂಡರ್ ಎತ್ತಿಡುವ ಅಧಿಕಾರ ಅಧಿಕಾರಿಗಳಿಗೆ ಸಿಕ್ಕಿದ್ದು 2003ರಲ್ಲಿ. ಆ ಮೂರು ಪರ್ಸೆಂಟ್ ಮೊದಲ ಸಲ ಮುಟ್ಟಿದ್ದು 2012ರ ಹಣಕಾಸು ವರ್ಷದಲ್ಲಿ, ಅದೂ 3.03. ಗುರಿ ಇಟ್ಟು ಹದಿಮೂರು ವರ್ಷ ಆದ ಮೇಲೆ! 2023ರಲ್ಲಿ 5.07ಕ್ಕೆ ಬಂತು, ಸುಮಾರು 31.9 ಬಿಲಿಯನ್ ಡಾಲರ್. ಈಗ ಗುರಿಯನ್ನೇ 5 ಮಾಡಿದ್ದಾರೆ.

ಬೆಲೆ ಜಾಸ್ತಿ ಕೊಡ್ತಾರೆ ಅಂತ ಅಂದುಕೊಳ್ಳಬೇಡಿ. ಎತ್ತಿಟ್ಟ ಟೆಂಡರಿನೊಳಗೂ ಪೈಪೋಟಿ ಇದೆ, ಮಾರುಕಟ್ಟೆಯ ನ್ಯಾಯವಾದ ಬೆಲೆಗೇ ಕೊಡಬೇಕು.

ವಿಎ ಮಾತ್ರ ಬೇರೆ ದಾರಿ. ಬೇರೆ ಇಲಾಖೆಗಳಲ್ಲಿ ಮಹಿಳೆಯರ ಕಂಪನಿ, ಹಿಂದುಳಿದ ಪ್ರದೇಶದ ಕಂಪನಿ, ಇವರು ಎಲ್ಲ ಒಂದೇ ಸಾಲು. ವಿಎಯಲ್ಲಿ ಸೇವೆಯಲ್ಲಿ ಅಂಗವಿಕಲರಾದವರ ಕಂಪನಿ ಮೊದಲು, ಉಳಿದ ಮಾಜಿ ಸೈನಿಕರದ್ದು ಆಮೇಲೆ, ಮಿಕ್ಕವರು ಅದರ ನಂತರ. 2006ರ ಕಾನೂನಿನಲ್ಲೇ ಹಾಗೆ ಬರೆದಿತ್ತು. ಆದರೂ ವಿಎ ನಾವು ವರ್ಷದ ಗುರಿ ಮುಟ್ಟಿಯಾಗಿದೆ, ಇನ್ನು ನಮ್ಮಿಷ್ಟ ಅಂತಿತ್ತು. ಮೇರಿಲ್ಯಾಂಡ್‌ನ ಕಿಂಗ್‌ಡಮ್‌ವೇರ್ ಅನ್ನೋ ಸಣ್ಣ ಟೆಕ್ ಕಂಪನಿ ಕೋರ್ಟಿಗೆ ಹೋಯಿತು. ಆಸ್ಪತ್ರೆ ಸಿಬ್ಬಂದಿಗೆ ತುರ್ತು ಸಂದೇಶ ಕಳಿಸುವ ಸೇವೆಯ ಕಾಂಟ್ರಾಕ್ಟ್ ಅದು, ದೊಡ್ಡದೇನಲ್ಲ. ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ ಜಿಎಒ ಕಂಪನಿಯ ಪರ ಹೇಳಿತು, ವಿಎ ಕೇಳಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಕಂಪನಿಯವರು ಸೋತರು. ಮೇಲ್ಮನವಿಯಲ್ಲೂ ಸೋತರು. 2016ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಎಂಟಕ್ಕೆ ಎಂಟೂ ಕಂಪನಿಯ ಕಡೆಗೆ ನಿಂತಿತು. ಕಾನೂನಿನಲ್ಲಿ ಮಾಡಲೇಬೇಕು ಅಂತ ಬರೆದಿದೆ, ಗುರಿ ಮುಟ್ಟಿದ ಮೇಲೆ ಬಿಡಬಹುದು ಅಂತ ಎಲ್ಲೂ ಇಲ್ಲ ಅಂದರು. ಆ ಹೊತ್ತಿಗೆ ಜಗಳಕ್ಕೆ ಕಾರಣವಾದ ಕಾಂಟ್ರಾಕ್ಟ್ ಮುಗಿದು ಮೂರು ವರ್ಷ ಆಗಿತ್ತು. ಗೆದ್ದವರಿಗೆ ಆ ಕೆಲಸ ಸಿಗಲಿಲ್ಲ, ಹಿಂದೆ ಬಂದವರಿಗೆಲ್ಲ ಬಾಗಿಲು ತೆರೆಯಿತು.

ಮೋಸದ ಕಥೆಯೂ ಹೇಳಬೇಕು. 2009ರಲ್ಲಿ ಜಿಎಒ ಹತ್ತು ಕಂಪನಿಗಳನ್ನು ಹಿಡಿದು ಜಾಲಾಡಿತು. ಆ ಹತ್ತೇ ಕಂಪನಿ ಸುಮಾರು 100 ಮಿಲಿಯನ್ ಡಾಲರ್ ತಪ್ಪು ದಾರಿಯಲ್ಲಿ ತಗೊಂಡಿದ್ದವು. ಈಗಿನ ಕಾಗದಪತ್ರದ ಕಾಟ ಇಂಥವರಿಂದಲೇ ಬಂದದ್ದು.

ಸುಬೇದಾರ್_ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಮಗ ಈ ಚರ್ಚೆ ತೋರಿಸಿದ. ನಾನು ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೇನೆಯ ಎಂಜಿನಿಯರ್ ದಳದಲ್ಲಿ, 26 ವರ್ಷ ಇದ್ದು ನಿವೃತ್ತನಾದವನು.

ಸೊನ್ನೆ ಪರ್ಸೆಂಟ್‌ಗೂ ಅರ್ಹತೆ ಅಂತ ಓದಿ ನಗು ಬಂತು. ನಮ್ಮಲ್ಲಿ ಮೆಡಿಕಲ್ ಬೋರ್ಡ್ 20ಕ್ಕಿಂತ ಕಡಿಮೆ ಬರೆದರೆ ಡಿಸೆಬಿಲಿಟಿ ಪಿಂಚಣಿ ಸಿಗೋದಿಲ್ಲ. ಆ ಒಂದು ಅಂಕಿಗಾಗಿ ಟ್ರಿಬ್ಯುನಲ್ ಮೆಟ್ಟಿಲು ಹತ್ತಿದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ.

ಟೆಂಡರಿನಲ್ಲೂ ನಮ್ಮ ಕೇಂದ್ರ ಸರ್ಕಾರದ್ದು ಬೇರೆ ಲೆಕ್ಕ. ಸರ್ಕಾರಿ ಖರೀದಿಯಲ್ಲಿ 25 ಪರ್ಸೆಂಟ್ ಸಣ್ಣ ಉದ್ದಿಮೆಗಳಿಗೆ ಅಂತಿದೆ. ಅದರೊಳಗೆ 4 ಎಸ್‌ಸಿ ಎಸ್‌ಟಿ ಉದ್ಯಮಿಗಳಿಗೆ, 3 ಮಹಿಳೆಯರಿಗೆ. ಮಾಜಿ ಸೈನಿಕರಿಗೆ ಅಂತ ಅಲ್ಲಿ ಪಾಲು ಇಟ್ಟಿಲ್ಲ. ನಮಗೆ ತೆರೆದಿರುವ ಬಾಗಿಲು ಡಿಜಿಆರ್, ಅಂದರೆ ಮಾಜಿ ಸೈನಿಕರ ಪುನರ್ವಸತಿ ನೋಡಿಕೊಳ್ಳುವ ಸರ್ಕಾರಿ ನಿರ್ದೇಶನಾಲಯ. ಅದು ಸೆಕ್ಯುರಿಟಿ ಏಜೆನ್ಸಿಗಳನ್ನು ಪಟ್ಟಿ ಮಾಡಿ ಕೊಡುತ್ತದೆ, ಅವರು ನೂರಕ್ಕೆ ತೊಂಬತ್ತು ಮಾಜಿ ಸೈನಿಕರನ್ನೇ ಇಟ್ಟುಕೊಳ್ಳಬೇಕು. ಒಳ್ಳೆಯದೇ. ಆದರೆ ಸೇತುವೆ ಕಟ್ಟಿದವನೂ ಗೇಟ್ ಕಾಯಬೇಕು, ರೇಡಾರ್ ನೋಡಿಕೊಂಡವನೂ ಗೇಟ್ ಕಾಯಬೇಕು. ಸಿಗ್ನಲ್ಸ್‌ನಲ್ಲಿ ಎಂತೆಂಥ ಹುಡುಗರಿದ್ದರು! ನಿಮ್ಮ ಕಂಪನಿಯಲ್ಲಿ ಎಷ್ಟು ಜನ, ಏನು ಕೆಲಸ ಅಂತ ತೀರ್ಥಹಳ್ಳಿಯವರು ಹೇಳಬಹುದಾ?

ಜೀರುಂಡೆ_ಡೇಟನ್

ಸುಬೇದಾರ್ ಸಾಹೇಬರಿಗೆ ಸಲ್ಯೂಟ್. ಒಂಬತ್ತು ಜನ ಸರ್. ಹಳೇ ಡೇಟಾಬೇಸಿನಿಂದ ಹೊಸದಕ್ಕೆ ಮಾಹಿತಿ ಸಾಗಿಸೋದು ನಮ್ಮ ಮುಖ್ಯ ಕೆಲಸ. ಒಬ್ಬರಿಗೆ ಕಣ್ಣು ಕಾಣಿಸೋದಿಲ್ಲ, ಅವರೂ ಸೇನೆಯವರೇ. ಸರ್ಕಾರಿ ವೆಬ್‌ಸೈಟು, ಸಾಫ್ಟ್‌ವೇರು ಅಂಗವಿಕಲರಿಗೂ ಬಳಸಲು ಬರಬೇಕು ಅಂತ ಸೆಕ್ಷನ್ 508 ಅನ್ನೋ ನಿಯಮ ಇದೆ. ಅದರ ಟೆಸ್ಟಿಂಗ್ ಅವರದ್ದು. ಸ್ಕ್ರೀನ್ ರೀಡರ್ ಎಷ್ಟು ವೇಗವಾಗಿ ಓಡಿಸ್ತಾರೆ ಅಂದರೆ ನಮಗೆ ಬರೀ ಕಿಚಕಿಚ ಕೇಳಿಸುತ್ತೆ. ನಾವು ಮೂರು ಜನ ಕೂತು ಹುಡುಕಿ ಸಿಗದ ತಪ್ಪನ್ನು ಅವರು ಕಾಫಿ ಆರುವಷ್ಟರಲ್ಲಿ ಹಿಡೀತಾರೆ.

ಈಗ ಹಾಸನದವರಿಗೆ. ನಾನೂ ನೇರ ದಾರಿಯಲ್ಲೇ ಹೋಗಿ ಎಡವಿದೆ, ಕೇಳಿ. ನನ್ನ ಭಾವ 20 ಪಾಲು ಹಾಕಿದ್ದರು. ಕಂಪನಿ ಒಪ್ಪಂದಪತ್ರವನ್ನು ಇಂಟರ್‌ನೆಟ್‌ನಿಂದ ಇಳಿಸಿ ಹೆಸರು ಬದಲಾಯಿಸಿದ್ದೆ. ಅದರಲ್ಲಿ ಎಲ್ಲೋ ಹನ್ನೊಂದನೇ ಪುಟದಲ್ಲಿ ಒಂದು ಸಾಲು: ಸಾಲ ತೆಗೆಯಲು, ಕಾಂಟ್ರಾಕ್ಟಿಗೆ ಸಹಿ ಹಾಕಲು ಎಲ್ಲ ಪಾಲುದಾರರ ಒಪ್ಪಿಗೆ ಬೇಕು. ಅಂದರೆ 20 ಪಾಲಿನ ಭಾವ ಬೇಡ ಅಂದರೆ 80 ಪಾಲಿನ ನಾನು ಏನೂ ಮಾಡೋ ಹಾಗಿಲ್ಲ. ಅರ್ಜಿ ತಿರಸ್ಕಾರ. ಭಾವನಿಗೆ ಆ ಸಾಲು ಇದ್ದದ್ದೇ ಗೊತ್ತಿರಲಿಲ್ಲ, ಪಾಪ.

ಟೆಂಡರ್_ಅಕ್ಕ

ಇದು ತುಂಬಾ ಜನರಿಗೆ ಆಗೋದು. ಹೊಸ ಪಾಲುದಾರನನ್ನು ತರೋದು, ಕಂಪನಿ ಮುಚ್ಚೋದು, ಮಾರೋದು, ದಿವಾಳಿ ಘೋಷಿಸೋದು, ಇಂಥ ಕೆಲವು ದೊಡ್ಡ ವಿಷಯಕ್ಕೆ ಬೇರೆಯವರ ಒಪ್ಪಿಗೆ ಕೇಳಬಹುದು. ದಿನದ ವ್ಯವಹಾರಕ್ಕೆ ಕೇಳೋ ಹಾಗಿಲ್ಲ. ಗೆದ್ದ ಮೇಲೂ ನೆಮ್ಮದಿ ಇಲ್ಲ. ಸೋತವರಿಗೆ ಐದು ಕೆಲಸದ ದಿನ ಇರುತ್ತೆ, ನಿಮ್ಮ ಅರ್ಹತೆಯ ಮೇಲೆ ಆಕ್ಷೇಪಣೆ ಹಾಕಲು. ಹಾಕೇ ಹಾಕ್ತಾರೆ. ಆಗ ಇದೇ ಹನ್ನೊಂದನೇ ಪುಟ ಬಿಚ್ಚುತ್ತಾರೆ.

ಜೀರುಂಡೆ_ಡೇಟನ್

ಎರಡನೇ ಸಲ ಸರ್ಟಿಫಿಕೇಟ್ ಬಂತು. ಮೂರು ವರ್ಷಕ್ಕೆ ಕೊಡ್ತಾರೆ. ಫ್ರೇಮ್ ಹಾಕಿಸಿ ಗೋಡೆಗೆ ಹಾಕಿದೆ. ಫೋನ್ ಬರುತ್ತೆ ಅಂತ ಕಾದೆ. ಎಂಟು ತಿಂಗಳು ಒಂದು ಫೋನೂ ಬರಲಿಲ್ಲ.

ಯಾರೂ ಹೇಳದ ಮಾತು ಇದು. ಟೆಂಡರ್ ಬಂದ ಮೇಲೆ ಓಡಿದರೆ ತಡವಾಯಿತು. ಅದಕ್ಕೂ ಎಷ್ಟೋ ಮೊದಲು ಇಲಾಖೆ ಸೋರ್ಸಸ್ ಸಾಟ್ ಅಂತ ಒಂದು ನೋಟಿಸ್ ಹಾಕುತ್ತೆ. ನಮಗೆ ಇಂಥ ಕೆಲಸ ಆಗಬೇಕು, ಮಾಡಬಲ್ಲವರು ಯಾರಿದ್ದೀರಿ ಅಂತ. ಅದು ಟೆಂಡರ್ ಅಲ್ಲ, ದುಡ್ಡಿಲ್ಲ, ಹಾಗಾಗಿ ಯಾರೂ ಉತ್ತರ ಬರೆಯಲ್ಲ. ಆದರೆ ತೀರ್ಮಾನ ಆಗೋದೇ ಅಲ್ಲಿ. ಮಾಡಬಲ್ಲ ಇಂಥ ಕಂಪನಿಗಳು ಕನಿಷ್ಠ ಎರಡು ಇವೆ, ಬೆಲೆಯೂ ಸರಿಯಾಗಿರುತ್ತೆ ಅಂತ ಅಧಿಕಾರಿಗೆ ಅನ್ನಿಸಿದರೆ ಟೆಂಡರನ್ನು ನಮಗೆ ಅಂತ ಎತ್ತಿಡಬಹುದು. ಎರಡು. ಒಂದೇ ಇದ್ದರೆ ಎಷ್ಟೋ ಸಲ ಎಲ್ಲರಿಗೂ ತೆರೆದುಬಿಡುತ್ತಾರೆ, ಆಮೇಲೆ ದೊಡ್ಡ ಆನೆಗಳ ನಡುವೆ ನಾವು.

ಅಂಥ ಒಂದು ನೋಟಿಸ್ ಕಣ್ಣಿಗೆ ಬಿತ್ತು. ಹತ್ತು ಪುಟದ ಮಿತಿ. ನಮ್ಮದೇ ಕೆಲಸ, ಅಕ್ಷರಕ್ಷರ ನಮ್ಮದು. ಬರೆದೆ. ಕಳಿಸೋ ಹೊತ್ತಿಗೆ ತಲೆಗೆ ಹೊಳೆಯಿತು, ನಾನೊಬ್ಬನೇ ಬರೆದರೆ ಏನು ಬಂತು? ಇನ್ನೊಬ್ಬ ಬೇಕಲ್ಲ!

ಆಗ ನಮ್ಮದೇ ಕೆಲಸ ಮಾಡುವ, ನಮ್ಮ ಹಾಗೇ ಸರ್ಟಿಫಿಕೇಟ್ ಇರುವ ಇನ್ನೊಂದು ಕಂಪನಿಯ ಯಜಮಾನರಿಗೆ ಫೋನ್ ಮಾಡಿದೆ. ಪಕ್ಕಾ ಪೈಪೋಟಿದಾರರು. ನಾನು ಹೇಳಿದ್ದು ಇಷ್ಟೇ, ಶುಕ್ರವಾರದೊಳಗೆ ನೀವೂ ಉತ್ತರ ಕಳಿಸಿ ಮಾರಾಯ್ರೇ, ಇಲ್ಲದಿದ್ದರೆ ಇಬ್ಬರಿಗೂ ಇಲ್ಲ. ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಜೋರಾಗಿ ನಕ್ಕರು. ಕಳಿಸಿದರು.

ಟೆಂಡರ್ ನಮಗೇ ಅಂತ ಎತ್ತಿಟ್ಟರು. ಗೆದ್ದದ್ದು ಅವರು!

ರೊಟ್ಟಿ_ಚಟ್ನಿಪುಡಿ

ಅಯ್ಯೋ ದೇವರೇ. ಇದಕ್ಕಾ ಇಷ್ಟು ದೊಡ್ಡ ಕಥೆ ಹೇಳಿದ್ದು?

ಜೀರುಂಡೆ_ಡೇಟನ್

ಪೂರ್ತಿ ಕೇಳಿ. ಸೇವಾ ಕಾಂಟ್ರಾಕ್ಟಿನಲ್ಲಿ ಗೆದ್ದವರು ಸರ್ಕಾರ ಕೊಡುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನವರಿಗೆ ಕೊಡೋ ಹಾಗಿಲ್ಲ. ಆದರೆ ಆ ಹೊರಗಿನವರು ಕೂಡ ಇದೇ ಬಗೆಯ ಕಂಪನಿ ಆಗಿದ್ದರೆ ಆ ಮಿತಿಯ ಲೆಕ್ಕಕ್ಕೆ ಬರೋದಿಲ್ಲ. ಅವರಿಗೆ ಆರು ಜನ ಬೇಕಿತ್ತು, ಇದ್ದದ್ದು ಮೂವರು. ಯಾರಿಗೆ ಫೋನ್ ಮಾಡಿದರು ಅಂತ ನೀವೇ ಊಹಿಸಿ. ನಮ್ಮ ಮೊದಲ ಮೂರು ಜನರ ಸಂಬಳ ಎರಡು ವರ್ಷ ಅಲ್ಲಿಂದಲೇ ಬಂತು.

ನಮ್ಮ ಭಾಗಕ್ಕೆ ಬಂದದ್ದು ಮಂಪ್ಸ್ ಅನ್ನೋ ಭಾಷೆಯಲ್ಲಿ ಬರೆದ ಹಳೇ ಕೋಡ್. ವಿಎ ಆಸ್ಪತ್ರೆಗಳ ವಿಸ್ಟಾ ಅನ್ನೋ ವ್ಯವಸ್ಥೆ ಇರೋದು ಇದೇ ಭಾಷೆಯಲ್ಲಿ. ಅದರಲ್ಲಿ ಬಹುತೇಕ ಆಜ್ಞೆಗಳನ್ನು ಒಂದೇ ಅಕ್ಷರಕ್ಕೆ ಇಳಿಸಿ ಬರೆಯಬಹುದು. ಒಂದು ಸಾಲು ನೋಡಿದರೆ ಯಾರೋ ಕೀಬೋರ್ಡ್ ಮೇಲೆ ಬೆಕ್ಕು ಓಡಿಸಿದ ಹಾಗಿರುತ್ತೆ. ನಲವತ್ತು ವರ್ಷ ನಡೆದ ಕೋಡ್. ಬರೆದವರಲ್ಲಿ ಎಷ್ಟೋ ಜನ ಈಗಿಲ್ಲ. ಎಐ ಬಂದು ನಮ್ಮ ಕೆಲಸ ತಿನ್ನುತ್ತೆ ಅಂತ ಹೆದರೋ ಹುಡುಗರಿಗೆ ಒಂದು ವಾರ ಇದನ್ನು ಕೊಡಬೇಕು.

ಕೆಂಗೇರಿ_ಟು_ಕೊಲಂಬಸ್

ನನ್ನದು ಸ್ವಲ್ಪ ಕಹಿ ಅನುಭವ. ಇಂಥದ್ದೇ ಒಂದು ಕಂಪನಿಯಲ್ಲಿ ಎರಡು ವರ್ಷ ಇದ್ದೆ, ಹೆಸರು ಬೇಡ. ಟೆಕ್ನಾಲಜಿ ಕಂಪನಿ ಅಂತ ಬೋರ್ಡು. ಕೆಲಸ ಏನು ಗೊತ್ತಾ? ಲ್ಯಾಪ್‌ಟಾಪ್ ಬರುತ್ತೆ, ಪೆಟ್ಟಿಗೆ ಮೇಲೆ ನಮ್ಮ ಸ್ಟಿಕ್ಕರ್ ಅಂಟಿಸ್ತೀವಿ, ಅದೇ ಲಾರಿಯಲ್ಲಿ ಇಲಾಖೆಗೆ ಹೋಗುತ್ತೆ. ಸೆಪ್ಟೆಂಬರ್‌ನಲ್ಲಿ ಮಾತ್ರ ಹಬ್ಬ. ಅವರ ಹಣಕಾಸು ವರ್ಷ 30ಕ್ಕೆ ಮುಗಿಯುತ್ತಲ್ಲ, ಉಳಿದ ದುಡ್ಡು ಖರ್ಚು ಮಾಡಲು ಎಲ್ಲರೂ ಪೆಟ್ಟಿಗೆ ಕೊಳ್ತಾರೆ. ರಾತ್ರಿ ಹನ್ನೊಂದರವರೆಗೆ ಸ್ಟಿಕ್ಕರ್ ಅಂಟಿಸಿ ಅಂಟಿಸಿ ಹೆಬ್ಬೆರಳ ಚರ್ಮ ಹೋಗಿತ್ತು. ಯಜಮಾನರು ನಿಜವಾದ ಮಾಜಿ ಸೈನಿಕರೇ, ಒಳ್ಳೆ ಮನುಷ್ಯ. ಆದರೆ ನಾವು ಏನು ಕಟ್ಟಿದ್ವಿ ಅಂತ ಕೇಳಿದರೆ ಉತ್ತರ ಇಲ್ಲ.

ಟೆಂಡರ್_ಅಕ್ಕ

ಪೆಟ್ಟಿಗೆ ಮಾರೋದೂ ಕಾನೂನಿನೊಳಗೇ ಇದೆ. ಸಾಮಾನಿನ ಜೊತೆ ಸೇವೆಯನ್ನೂ ಸೇರಿಸಿ ಕೊಡುವ ಐಟಿ ಮಾರಾಟಗಾರರಿಗೆ ಅಂತಲೇ ಬೇರೆ ಮಿತಿ ಇದೆ, 150 ನೌಕರರವರೆಗೂ ಸಣ್ಣ ಕಂಪನಿ. ಅದರಲ್ಲಿ ಸೇವೆಯ ಭಾಗ ಒಟ್ಟು ಬೆಲೆಯ ಕನಿಷ್ಠ 15 ಪರ್ಸೆಂಟ್ ಇರಬೇಕು. ಸ್ಟಿಕ್ಕರ್ ಅಂಟಿಸೋದನ್ನ ಸೇವೆ ಅಂತ ತೋರಿಸೋಕೆ ಆಗಲ್ಲ. ಸಾಫ್ಟ್‌ವೇರ್ ಬರೆಯೋ ಕಂಪನಿಗಾದರೆ ಮಿತಿ ವರಮಾನದ ಮೇಲೆ, ಐದು ವರ್ಷದ ಸರಾಸರಿ 34 ಮಿಲಿಯನ್ ಡಾಲರ್. ಹಾಸನದವರು ಅಷ್ಟು ಬೇಗ ದಾಟಲ್ಲ, ಚಿಂತೆ ಬೇಡ.

ಹರ್ನ್‌ಡನ್_ಹಾಸನ

ಒಂದು ವಾರ ಸುಮ್ಮನಿದ್ದೆ, ಕ್ಷಮಿಸಿ. ನಿನ್ನೆ ಚೀಫ್ ಮನೆಗೆ ಹೋಗಿ ಎಲ್ಲಾ ಹೇಳಿದೆ, ನನ್ನ ಮೊದಲ ಲೆಕ್ಕವನ್ನೂ ಸೇರಿಸಿ. ಮುಚ್ಚಿಡೋದು ಸರಿ ಅನ್ನಿಸಲಿಲ್ಲ.

ಅವರು ಗ್ಯಾರೇಜಿನಲ್ಲಿ ಏನೋ ರಿಪೇರಿ ಮಾಡುತ್ತಿದ್ದರು. ಕೈ ಒರೆಸಿಕೊಂಡು ಕೇಳಿದರು, ಅಂದರೆ ನನ್ನ ಸೊಂಟ ಬಾಡಿಗೆಗೆ ಬೇಕಿತ್ತು ನಿನಗೆ? ನನಗೆ ಮುಖ ಎತ್ತಲು ಆಗಲಿಲ್ಲ. ಆಮೇಲೆ ಒಳಗೆ ಹೋಗಿ ಒಂದು ಹಳದಿ ಪ್ಯಾಡ್ ತಂದರು. ಎರಡು ವರ್ಷದಿಂದ ಅವರೇ ಒಂದು ಕಂಪನಿಯ ಲೆಕ್ಕ ಹಾಕುತ್ತಿದ್ದರಂತೆ. ಯಾವ ಕೆಲಸ ಹಿಡಿಯಬೇಕು, ಯಾರನ್ನು ತಗೋಬೇಕು, ಆರು ತಿಂಗಳು ಸಂಬಳ ಇಲ್ಲದಿದ್ದರೆ ಮನೆ ಹೇಗೆ ನಡೆಯುತ್ತೆ, ಎಲ್ಲಾ ಪೆನ್ಸಿಲಿನಲ್ಲಿ. ತಗೋಬೇಕಾದವರ ಪಟ್ಟಿಯಲ್ಲಿ ಮೂರನೇ ಹೆಸರು ನಂದು. ಮೊದಲನೆಯದ್ದೂ ಅಲ್ಲ ನೋಡಿ!

ಟೆಂಡರ್_ಅಕ್ಕ

ಮೂರನೆಯದು ಅಂದರೆ ಒಳ್ಳೆ ರ‍್ಯಾಂಕೇ. ಏಜೆಂಟನಿಗೆ ಬೇಡ ಅಂತ ಹೇಳಿದ್ರಾ?

ಹರ್ನ್‌ಡನ್_ಹಾಸನ

ಹೇಳಿದೆ ಅಕ್ಕ. ನಾಲ್ಕಕ್ಕೆ ಇಳಿದ. ಆಮೇಲೆ ಎರಡೂವರೆಗೆ. ನಂಬರ್ ಬ್ಲಾಕ್ ಮಾಡಿದೆ.

ಹರ್ನ್‌ಡನ್_ಹಾಸನ

ಆರು ತಿಂಗಳ ಮೇಲೆ ಬರೀತಿದ್ದೇನೆ. ಯಾರಾದರೂ ಇದ್ದೀರಾ?

ಚೀಫ್ ಕೆಲಸ ಬಿಟ್ಟರು. ಕಂಪನಿ ಅವರದ್ದು, 85 ಪಾಲು. ನಂದು 15, ಸಂಬಳ ಅವರಿಗಿಂತ ಕಡಿಮೆ. ಒಪ್ಪಂದಪತ್ರವನ್ನು ವಕೀಲರ ಹತ್ರವೇ ಬರೆಸಿದ್ದು, ಹನ್ನೊಂದನೇ ಪುಟ ಎರಡು ಸಲ ಓದಿದೆ. ಆಫೀಸು ಅವರ ಗ್ಯಾರೇಜಿನ ಮೇಲಿನ ಕೋಣೆ. ಸ್ಯಾಮ್ ರಿಜಿಸ್ಟ್ರೇಶನ್ನಿಗೇ ಐದು ವಾರ ಹೋಯಿತು. ತೆರಿಗೆ ಇಲಾಖೆಯ ಕಾಗದದಲ್ಲಿ ಕಂಪನಿ ಹೆಸರಿನ ಕೊನೆಯ ಎಲ್‌ಎಲ್‌ಸಿಗೆ ಮೊದಲು ಒಂದು ಕಾಮಾ ಇತ್ತು, ನಾವು ತುಂಬಿದ್ದರಲ್ಲಿ ಇರಲಿಲ್ಲ. ಒಂದು ಕಾಮಾಕ್ಕೆ ಐದು ವಾರ!

ಸರ್ಟಿಫಿಕೇಟ್ ಹೋದ ತಿಂಗಳು ಬಂತು. ಫ್ರೇಮ್ ಹಾಕಿಸೋಣ ಅಂದೆ. ಮೊದಲು ಒಂದು ಇನ್‌ವಾಯ್ಸ್ ಕಳಿಸೋಣ, ಅದಕ್ಕೆ ಫ್ರೇಮ್ ಹಾಕೋಣ ಅಂದರು ಚೀಫ್.

ಜೀರುಂಡೆ ಅಣ್ಣ, ಈಗ ನಿಮ್ಮ ಹತ್ರ ಒಂದು ಕೆಲಸ. ಒಂದು ಸೋರ್ಸಸ್ ಸಾಟ್ ನೋಟಿಸ್ ಬಂದಿದೆ. ಹಳೇ ದಾಸ್ತಾನು ವ್ಯವಸ್ಥೆಯನ್ನು ಕ್ಲೌಡ್‌ಗೆ ಸಾಗಿಸೋದು. ಐದು ಪುಟ, ಮುಂದಿನ ಗುರುವಾರ ಮಧ್ಯಾಹ್ನ ಎರಡಕ್ಕೆ ಗಡುವು. ನಾಲ್ಕು ಪುಟ ಆಗಿದೆ. ಹಿಂದೆ ಮಾಡಿದ ಕೆಲಸ ತೋರಿಸಿ ಅನ್ನೋ ಪುಟ ಮಾತ್ರ ತೆಳ್ಳಗಿದೆ. ಚೀಫ್ ಅವರು ಹಡಗಿನಲ್ಲಿ ಬಿಡಿಭಾಗಗಳ ಲೆಕ್ಕ ಇಡುತ್ತಿದ್ದದ್ದು, ನಾನು ಹಳೇ ಕಂಪನಿಯಲ್ಲಿ ಮಾಡಿದ್ದು, ಇಷ್ಟೇ ಇದೆ. ನಿಮ್ಮ ಕಂಪನಿಯೂ ಇದಕ್ಕೆ ಉತ್ತರ ಬರೆಯುತ್ತಾ? ಇಲ್ಲದಿದ್ದರೆ ಇಬ್ಬರಿಗೂ ಇಲ್ಲ ಅಂತ ನೀವೇ ಹೇಳಿದ್ದು.

ಜೀರುಂಡೆ_ಡೇಟನ್

ನೋಟಿಸ್ ನಂಬರ್ ಕಳಿಸಿ, ಇವತ್ತೇ ಓದುತ್ತೇನೆ. ನಾವು ಬರೀತೀವಿ. ಟೆಂಡರ್ ಬಂದರೆ ನಿಮ್ಮ ಮೇಲೆ ಪೂರ್ತಿ ಜೋರಾಗೇ ಬೀಳ್ತೀವಿ, ಆಗ ಬೇಜಾರು ಮಾಡ್ಕೋಬೇಡಿ.

ತೆಳ್ಳಗಿನ ಪುಟಕ್ಕೆ ಜಾಸ್ತಿ ಮಾತು ತುಂಬಬೇಡಿ. ಹಡಗಿನಲ್ಲಿ ಎಷ್ಟು ಬಿಡಿಭಾಗ, ಎಷ್ಟು ಜನ, ಎಷ್ಟು ಸಲ ಲೆಕ್ಕ ತಪ್ಪಿತು, ಹೇಗೆ ಸರಿ ಮಾಡಿದರು ಅಂತ ಅಂಕಿ ಹಾಕಿ. ಬರೆದದ್ದು ಚೀಫ್ ದನಿಯಲ್ಲೇ ಇರಲಿ, ನೀವು ತಿದ್ದಿ ನುಣ್ಣಗೆ ಮಾಡಬೇಡಿ.

ರಾತ್ರಿ ಎಂಟರ ಮೇಲೆ ಅವರ ಜೊತೆ ಫೋನಿಗೆ ಬನ್ನಿ. ನಂದು ಎಡಗಿವಿ ಹೋಗಿದೆ, ಅವರದ್ದು ಯಾವುದು?

ಹರ್ನ್‌ಡನ್_ಹಾಸನ

ಅವರದ್ದೂ ಎಡವೇ ಅಣ್ಣ.

ಜೀರುಂಡೆ_ಡೇಟನ್

ಹಾಗಾದರೆ ವಿಡಿಯೊ ಕಾಲ್ ಮಾಡಿ, ಕೆಳಗೆ ಅಕ್ಷರ ಬರೋದನ್ನು ಆನ್ ಮಾಡಿಡಿ. ಇಲ್ಲದಿದ್ದರೆ ರಾತ್ರಿಯೆಲ್ಲಾ ಇಬ್ಬರೂ ಹಾಂ, ಹಾಂ ಅಂತಲೇ ಕೂತಿರ್ತೀವಿ.